ಅವಳ ಇಂಗ್ಲಿಷ್ ಪರೀಕ್ಷೆ, ನನ್ನ ಕೈ

ಓದು ಕಡಿಮೆ ಎಂಬ ಕಾರಣಕ್ಕೆ ನನ್ನನ್ನು ಹುಡುಕಿಕೊಂಡು ಬಂದವರು ಈ ಜೀವನದಲ್ಲಿ ಒಬ್ಬರೇ. ಬೆಟಗೇರಿಯಲ್ಲಿ ನಮ್ಮ ಹಿಂದಿನ ಓಣಿಯಲ್ಲಿ ಮನೆಯಿರುವ, ಕಾಲೇಜಿನ ಇಂಗ್ಲಿಷ್ ಅಧ್ಯಾಪಕಿ ಅವರು. ಒಂದು ಸಂಜೆ ನಾನು ಮಾಳಿಗೆಯ ಮೇಲೆ ಒಣಹಾಕಿದ್ದ ಮೆಣಸಿನಕಾಯಿಯನ್ನು ಚೀಲಕ್ಕೆ ತುಂಬುತ್ತಿದ್ದೆ. ಅವರು ಮೆಟ್ಟಿಲು ಹತ್ತಿ ಅಲ್ಲಿಗೇ ಬಂದು, ನಾನು ಎಲ್ಲಿಯವರೆಗೆ ಕಲಿತಿದ್ದೇನೆ ಎಂದು ಕೇಳಿದರು. ತವರು ಲಕ್ಷ್ಮೇಶ್ವರದಲ್ಲಿ ಪಿಯುಸಿ ಮುಗಿಸಿದೆ, ಆಮೇಲೆ ಮದುವೆಯಾಯಿತು ಎಂದೆ. ಸಾಮಾನ್ಯವಾಗಿ ಇಷ್ಟು ಹೇಳಿದ ಮೇಲೆ ಎದುರಿಗಿದ್ದವರು ಒಂದು ಕ್ಷಣ ಪಾಪ ಎನ್ನುವ ಹಾಗೆ ನೋಡುತ್ತಾರೆ. ಇವರ ಮುಖ ಮಾತ್ರ ಅರಳಿತು.

ಅವರ ಹಳೆಯ ವಿದ್ಯಾರ್ಥಿನಿ ಒಬ್ಬಳಿದ್ದಳಂತೆ. ಶಿರಹಟ್ಟಿ ಕಡೆಯವಳು, ಹುಟ್ಟಿನಿಂದ ಕಣ್ಣು ಕಾಣದು. ಬಿ.ಎ. ಮುಗಿಸಿ ಗದಗಿನಲ್ಲಿ ಗೆಳತಿಯೊಬ್ಬಳ ಜೊತೆ ರೂಮು ಮಾಡಿಕೊಂಡು ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುತ್ತಿದ್ದಳು. ಅಂಥವರಿಗೆ ಪ್ರಶ್ನೆ ಓದಿ ಹೇಳಿ, ಅವರು ಹೇಳಿದ ಉತ್ತರವನ್ನು ಗುರುತು ಮಾಡಲು ಒಬ್ಬರನ್ನು ಪಕ್ಕದಲ್ಲಿ ಕೂರಿಸುತ್ತಾರೆ. ಸ್ಕ್ರೈಬ್ ಅನ್ನುತ್ತಾರೆ. ಹಾಗೆ ಕೂರುವವರ ಓದು ಪರೀಕ್ಷೆ ಕೊಡುವವರ ಓದಿಗಿಂತ ಕೆಳಗಿನದಾಗಿರಬೇಕು. ಇಲ್ಲದಿದ್ದರೆ ಯಾರು ಯಾರ ಪರೀಕ್ಷೆ ಬರೆದರು ಎಂಬ ಅನುಮಾನ ಬರುತ್ತದೆ. ಅವಳಿಗೆ ಸಹಾಯ ಮಾಡಲು ಮುಂದೆ ಬಂದವರೆಲ್ಲ ಪದವಿ ಮುಗಿಸಿದವರೇ ಆಗಿದ್ದರಂತೆ.

ಪರೀಕ್ಷೆಯಲ್ಲಿ ಕನ್ನಡ, ಕಂಪ್ಯೂಟರ್ ಜೊತೆ ಇಂಗ್ಲಿಷೂ ಇದೆ ಎಂದಾಗ ನಾನು ಹಿಂಜರಿದೆ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ ಎಂದೆ. ನನಗೆ ಬರಬೇಕೆಂದೇನೂ ಇಲ್ಲ, ಕಾಗದದ ಮೇಲೆ ಇದ್ದದ್ದನ್ನು ಇದ್ದ ಹಾಗೆ ಓದಿದರೆ ಸಾಕು ಎಂದರು. ಇದ್ದದ್ದನ್ನು ಇದ್ದ ಹಾಗೆ ಓದುವುದು ಸುಲಭದ ಕೆಲಸ ಎಂದು ನಾನೂ ತಿಳಿದಿದ್ದೆ.

ಮುಂದಿನ ವಾರ ಹುಡುಗಿ ಬಂದಳು. ಆಟೋದಿಂದ ಇಳಿದು, ಕೋಲು ಮಡಿಚಿ ಚೀಲದಲ್ಲಿಟ್ಟು, ನನ್ನ ಮೊಣಕೈ ಹಿಡಿದು ಒಳಗೆ ಬಂದಳು. ಪಕ್ಕದ ಮನೆಯಲ್ಲಿ ಮಗ್ಗ ನಡೆಯುತ್ತಿತ್ತು. ಆ ಸದ್ದು ನಮಗೆ ಕೇಳಿಸುವುದೇ ಇಲ್ಲ, ಅಷ್ಟು ರೂಢಿ. ಅವಳಿಗೆ ಅದರ ನಡುವೆ ನನ್ನ ದನಿ ಹಿಡಿಯುವುದು ಕಷ್ಟವಾಯಿತು. ಆ ದಿನ ಅಡಿಗೆಮನೆಯ ಬಾಗಿಲು ಹಾಕಿಕೊಂಡು ಕೂತೆವು. ಆಮೇಲೆ ಮಗ್ಗ ನಿಲ್ಲುವ ಮಧ್ಯಾಹ್ನದ ಹೊತ್ತನ್ನೇ ಗೊತ್ತುಮಾಡಿಕೊಂಡೆವು.

ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ನನ್ನ ಕೈಗಿತ್ತು ಓದಲು ಹೇಳಿದಳು. ನಾನು ಓದಿದೆ. ಎರಡು ಸಾಲು ಮುಗಿಯುವುದರೊಳಗೆ ತಡೆದಳು.

"ಅಕ್ಕಾರ, ರಿಸಿಪ್ಟ್ ಅಂದ್ರ ಏನ್ರಿ?"

ಅಂಗಡಿಯಲ್ಲಿ ದುಡ್ಡು ಕೊಟ್ಟರೆ ಕೊಡುತ್ತಾರಲ್ಲ, ಆ ಚೀಟಿ ಎಂದೆ. ಅಕ್ಷರ ಬಿಡಿಸಿ ಹೇಳಿ ಎಂದಳು. ಹೇಳಿದೆ. ಅವಳು ತುಸು ನಕ್ಕು, ಓ, ರಿಸೀಟ್, ಎಂದಳು.

ನನಗೆ ನಾಚಿಕೆಯಾಯಿತು. ಅವಳು ಅದನ್ನು ಗುರುತಿಸಿದಳೋ ಏನೋ, ನನ್ನದು ತಪ್ಪೆಂದು ಹೇಳುತ್ತಿಲ್ಲ ಎಂದು ಸಮಾಧಾನ ಮಾಡಿದಳು. ಅವಳ ಇಂಗ್ಲಿಷ್ ಬಂದದ್ದು ಕಿವಿಯಿಂದ. ಚಿಕ್ಕವಳಿದ್ದಾಗ ವಸತಿ ಶಾಲೆಯಲ್ಲಿ ಬ್ರೈಲ್ ಕಲಿತಿದ್ದಳು. ದೊಡ್ಡವಳಾದ ಮೇಲೆ ಓದಿದ್ದೆಲ್ಲ ಮೊಬೈಲಿನ ದನಿ ಓದಿ ಹೇಳಿದ್ದು. ನನ್ನ ಇಂಗ್ಲಿಷ್ ಬಂದದ್ದು ಕಣ್ಣಿನಿಂದ. ಕನ್ನಡ ಓದಿ ರೂಢಿಯಾದ ನಾವು ಬರೆದ ಅಕ್ಷರವನ್ನೆಲ್ಲ ಉಚ್ಚರಿಸುತ್ತೇವೆ, ಯಾವುದನ್ನೂ ಸುಮ್ಮನೆ ಕೂರಿಸುವುದಿಲ್ಲ. ಹೀಗಾಗಿ ನಾನು ನೋಡಿ ಬಲ್ಲ ಶಬ್ದವನ್ನು ನನ್ನ ಬಾಯಲ್ಲಿ ಕೇಳಿದರೆ ಅವಳಿಗೆ ಗುರುತು ಹತ್ತುತ್ತಿರಲಿಲ್ಲ. ಅವಳು ಕೇಳಿ ಬಲ್ಲ ಶಬ್ದ ಕಾಗದದ ಮೇಲೆ ಹೇಗಿರುತ್ತದೆ ಎಂದು ಅವಳಿಗೆ ಎಷ್ಟೋ ಸಲ ತಿಳಿದಿರುತ್ತಿರಲಿಲ್ಲ. ಇಬ್ಬರಿಗೂ ಬರುತ್ತಿದ್ದ ಭಾಷೆ ಒಂದೇ, ಆದರೆ ನಡುವೆ ಒಂದು ಗೋಡೆ.

ಆ ಗೋಡೆಯಲ್ಲಿ ಕಿಂಡಿ ಕೊರೆಯುವುದೇ ನಮ್ಮ ಮಧ್ಯಾಹ್ನಗಳ ಕೆಲಸವಾಯಿತು. ಅವಳು ನನ್ನ ಉಚ್ಚಾರಣೆ ತಿದ್ದಿದಳು. ನಾನು ಅವಳಿಗೆ ಅಕ್ಷರಗಳನ್ನು ಹೇಳಿಕೊಟ್ಟೆ. ಪ್ರಶ್ನೆಯಲ್ಲಿ ಬಿಟ್ಟ ಸ್ಥಳ ಬಂದರೆ 'ಖಾಲಿ' ಎನ್ನಬೇಕು. ಶಬ್ದದ ಕೆಳಗೆ ಗೆರೆ ಎಳೆದಿದ್ದರೆ ಅದನ್ನು ಓದುವಾಗ ಮೇಜಿನ ಮೇಲೆ ಬೆರಳಿಂದ ತಟ್ಟಬೇಕು. ಇವೆಲ್ಲ ನಾವೇ ಮಾಡಿಕೊಂಡ ಏರ್ಪಾಡು.

ಎಲ್ಲಕ್ಕಿಂತ ಕಷ್ಟವಾದದ್ದು ಸರಿಯಾದ ಶಬ್ದ ಆರಿಸುವ ಪ್ರಶ್ನೆಗಳು. ಮಳೆಗೂ ರೇನ್, ರಾಜನ ಆಳ್ವಿಕೆಗೂ ರೇನ್, ಕುದುರೆಯ ಲಗಾಮಿಗೂ ರೇನ್. ಕಣ್ಣಿದ್ದವರಿಗೆ ಅದು ಬಹಳ ಸುಲಭದ ಪ್ರಶ್ನೆ, ನೋಡಿದ ಕೂಡಲೇ ಬೇರೆ ಬೇರೆ ಕಾಣುತ್ತವೆ. ಅವಳಿಗೆ ನಾನು ಮೂರು ಸಲ ಒಂದೇ ಶಬ್ದ ಹೇಳಿದಂತಾಗುತ್ತಿತ್ತು. ಅದಕ್ಕೇ ಇಂಥ ಜೋಡಿಗಳನ್ನು ಹುಡುಕಿ ಹುಡುಕಿ ಅಕ್ಷರ ಬಾಯಿಪಾಠ ಮಾಡಿದಳು. ಸ್ಟೇಷನರಿ ಎಂಬ ಶಬ್ದವೂ ಹಾಗೇ ಎರಡು. ಪೆನ್ನು ಮಾರುವ ಅಂಗಡಿಯದಕ್ಕೆ ಪೆನ್ನಿನಲ್ಲಿರುವ ಇ, ನಿಂತಲ್ಲೇ ನಿಂತದ್ದಕ್ಕೆ ಎ ಎಂದು ನೆನಪಿಟ್ಟಳು. ನಾನೂ ಮೊದಲ ಸಲ ಆ ಎರಡರ ನಡುವೆ ವ್ಯತ್ಯಾಸ ಇದೆ ಎಂದು ತಿಳಿದೆ. ಸಂತೆಗೆ ಹೋದರೂ ಅಂಗಡಿಗಳ ಬೋರ್ಡು ನೋಡಿ, ಇಲ್ಲಿ ಎ ಹಾಕಿದ್ದಾರೆ, ಇ ಬೇಕಿತ್ತು ಎಂದು ನನ್ನಷ್ಟಕ್ಕೆ ಅಂದುಕೊಳ್ಳುವ ಚಟ ಹತ್ತಿತು.

ವ್ಯಾಕರಣದಲ್ಲಿ ಅವಳು ನನಗಿಂತ ಎಷ್ಟೋ ಮುಂದಿದ್ದಳು. ಆದರೆ 'ಹುಡುಗರಲ್ಲಿ ಒಬ್ಬ' ಎಂಬ ಥರದ ವಾಕ್ಯ ಬಂದಾಗ ಒಮ್ಮೊಮ್ಮೆ ಎಡವುತ್ತಿದ್ದಳು. ಕೊನೆಗೆ ಕೇಳಿದ ಶಬ್ದ ಬಹುವಚನ, ಅದರ ಬೆನ್ನಿಗೇ ಖಾಲಿ ಜಾಗ, ಕಿವಿ ತಾನಾಗಿ 'ಆರ್' ಎನ್ನುತ್ತಿತ್ತು. ಅಲ್ಲಿ 'ಈಸ್' ಬರಬೇಕು. ಒಬ್ಬನ ಸುದ್ದಿ ನಡೆದೈತಿ, ಗುಂಪಿನದಲ್ಲ, ಎಂದು ತನ್ನನ್ನು ತಾನೇ ಗದರಿಸಿಕೊಳ್ಳುತ್ತಿದ್ದಳು. ಕೇಳಿ ಕೇಳಿ ಆ ನಿಯಮ ನನಗೂ ಬಾಯಿಗೆ ಬಂತು.

ಪರೀಕ್ಷೆ ಗದಗಿನ ಒಂದು ಕಾಲೇಜಿನಲ್ಲಿತ್ತು. ನಮ್ಮನ್ನು ಕೆಳಗಿನ ಮಹಡಿಯ ಒಂದು ಸಣ್ಣ ಕೋಣೆಯಲ್ಲಿ ಬೇರೆಯಾಗಿ ಕೂರಿಸಿದರು. ಮೇಲ್ವಿಚಾರಕರು ಕನ್ನಡಕ ಹಾಕಿದ, ಮೆತ್ತಗಿನ ಮಾತಿನವರು. ನನ್ನ ಪಿಯುಸಿ ಅಂಕಪಟ್ಟಿ ನೋಡಿ, ಗುರುತಿನ ಚೀಟಿ ನೋಡಿ, ನಿಯಮಗಳನ್ನು ಓದಿದರು. ಪ್ರಶ್ನೆ ಓದುವುದು, ಹೇಳಿದ ಉತ್ತರಕ್ಕೆ ಉತ್ತರದ ಹಾಳೆಯಲ್ಲಿ ವರ್ತುಲ ತುಂಬುವುದು, ಇವೆರಡು ಬಿಟ್ಟು ಬೇರೇನೂ ಮಾಡುವಂತಿಲ್ಲ.

ಕನ್ನಡದ ಭಾಗ ಸರಾಗವಾಗಿ ಮುಗಿಯಿತು. ಇಂಗ್ಲಿಷಿಗೆ ಬಂದೆವು. ಗೆರೆ ಎಳೆದ ಶಬ್ದ ಬಂದಾಗ ರೂಢಿಯಂತೆ ಬೆರಳಿನಿಂದ ಮೇಜು ತಟ್ಟಿದೆ. ಮೇಲ್ವಿಚಾರಕರು ತಕ್ಷಣ ಎದ್ದು ಬಂದರು. ಏನದು ಸನ್ನೆ ಎಂದು ಕೇಳಿದರು. ಅವರ ಅನುಮಾನ ಸಹಜವೇ. ನಾವು ಮನೆಯಲ್ಲಿ ಕೂತು ಏರ್ಪಾಡು ಮಾಡಿಕೊಳ್ಳುವಾಗ ಹೊರಗಿನವರಿಗೆ ಅದು ಹೇಗೆ ಕಾಣುತ್ತದೆ ಎಂದು ಇಬ್ಬರೂ ಯೋಚಿಸಿರಲಿಲ್ಲ. ತಟ್ಟುವುದನ್ನು ಬಿಟ್ಟು, 'ಗೆರೆ ಶುರು, ಗೆರೆ ಮುಗೀತು' ಎಂದು ಬಾಯಲ್ಲೇ ಹೇಳುತ್ತೇನೆ ಎಂದೆ. ಒಪ್ಪಿದರು.

ಸ್ವಲ್ಪ ಹೊತ್ತಿಗೆ ಇನ್ನೊಂದು ತೊಡಕು. ಸರಿಯಾದ ಶಬ್ದ ಆರಿಸುವ ಪ್ರಶ್ನೆ. ನಾನು ಒಂದೊಂದು ಶಬ್ದ ಹೇಳಿ ಅದರ ಅಕ್ಷರ ಬಿಡಿಸತೊಡಗಿದೆ. ಓದಬೇಕಷ್ಟೇ, ವಿವರಿಸುವಂತಿಲ್ಲ ಎಂದು ಅವರು ಮತ್ತೆ ತಡೆದರು. ನಾನು ಹುಡುಗಿಯ ಮುಖ ನೋಡಿದೆ. ಅವಳು ದನಿ ಏರಿಸದೆ ಕೇಳಿದಳು.

"ಸರ್, ತಪ್ಪು ತಿಳೀಬ್ಯಾಡ್ರಿ. ನೀವು ಒಂದು ಗಳಿಗಿ ಕಣ್ಣು ಮುಚ್ಚಿ ಈ ಪ್ರಶ್ನಿ ಕೇಳ್ತೀರೇನ್ರಿ?"

ಆ ಮನುಷ್ಯ ನಿಜಕ್ಕೂ ಕಣ್ಣು ಮುಚ್ಚಿದರು. ನಾನು ಆಯ್ಕೆಗಳನ್ನು ಓದಿದೆ. ಪ್ರಿನ್ಸಿಪಲ್, ಪ್ರಿನ್ಸಿಪಲ್. ಉಳಿದೆರಡು ಶಬ್ದಗಳನ್ನೂ ಓದಿದೆ. ಅವರು ಕಣ್ಣು ತೆರೆದು, ಹೊರಗೆ ಹೋಗಿ ಮುಖ್ಯ ಮೇಲ್ವಿಚಾರಕರನ್ನು ಕೇಳಿಕೊಂಡು ಬಂದರು. ಅಕ್ಷರ ಬಿಡಿಸಬಹುದು, ಆದರೆ ಎಲ್ಲ ಆಯ್ಕೆಗಳದ್ದೂ ಬಿಡಿಸಬೇಕು, ಒಂದರದ್ದೇ ಅಲ್ಲ ಎಂದರು. ಅಷ್ಟೇ ಅಲ್ಲ, ಇದರಲ್ಲಿ ಹೋದ ಹೊತ್ತನ್ನು ಕೊನೆಗೆ ಸೇರಿಸಿ ಕೊಡುತ್ತೇನೆ ಎಂದೂ ಹೇಳಿದರು. ಹುಡುಗಿಯ ಭುಜ ಸಡಿಲಾದದ್ದು ನನಗೆ ಕಂಡಿತು.

ಆಮೇಲೆ ಆ ಪ್ರಶ್ನೆ ಬಂತು. ಹುಡುಗರಲ್ಲಿ ಒಬ್ಬ ಶಾಲೆಗೆ ಗೈರುಹಾಜರು ಎಂಬರ್ಥದ ವಾಕ್ಯ, ನಡುವೆ ಖಾಲಿ. ಎ ಎಂದರೆ ಈಸ್. ಬಿ ಎಂದರೆ ಆರ್. ನಾವು ಎಷ್ಟು ಸಲ ಹೊರಳಿಸಿ ಹೊರಳಿಸಿ ಮಾಡಿದ್ದ ಪ್ರಶ್ನೆ. ನಾನು ಓದಿ ಮುಗಿಸಿ ನಿಶ್ಚಿಂತಳಾಗಿ ಪೆನ್ನನ್ನು ಎ ಮೇಲೆ ಒಯ್ದಿದ್ದೆ.

ಬಿ, ಎಂದಳು ಅವಳು.

ನನ್ನ ಕೈ ನಿಂತಿತು. ಬೇಕೆಂದು ನಿಲ್ಲಿಸಿದ್ದಲ್ಲ. ತಾನೇ ನಿಂತಿತು. ಅಲ್ಲಿಯವರೆಗೆ ಅವಳು ಉತ್ತರ ಹೇಳಿದ ಕೂಡಲೇ ಕಾಗದದ ಮೇಲೆ ಪೆನ್ನು ಕಿರುಗುಟ್ಟುತ್ತಿತ್ತು. ಈ ಸಲ ಕೋಣೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಅವಳು ತಲೆ ತುಸು ಓರೆ ಮಾಡಿದಳು. ಅವಳ ಹುಬ್ಬು ಗಂಟಿಕ್ಕಿತು, ಸಡಿಲಾಯಿತು. ಅವಳಿಗೆ ತಪ್ಪು ಹೊಳೆಯಿತು ಎಂದು ನನಗೆ ಖಚಿತವಾಯಿತು. ಈಗ ಎ ಎನ್ನುತ್ತಾಳೆ ಎಂದು ಕಾದೆ.

"ಬಿ ಅಂದೆನ್ರಿ ಅಕ್ಕಾರ. ತುಂಬ್ರಿ."

ತುಂಬಿದೆ. ಆ ಹಾಳೆಯಲ್ಲಿ ಒಮ್ಮೆ ತುಂಬಿದ ವರ್ತುಲವನ್ನು ಅಳಿಸಲಾಗದು. ಮುಂದಿನ ಪ್ರಶ್ನೆಗಳನ್ನು ಓದುವಾಗ ನನ್ನ ದನಿ ನನಗೇ ಬೇರೆ ಯಾರದೋ ಎನಿಸುತ್ತಿತ್ತು.

ಪರೀಕ್ಷೆ ಮುಗಿಸಿ ಹೊರಬಂದೆವು. ಗೇಟಿನ ಎದುರಿನ ಚಹಾದಂಗಡಿಯ ಬೆಂಚಿನ ಮೇಲೆ ಕೂತೆವು. ಅವಳು ಚಹಾ ಮುಗಿಸಿದಳು. ನಾನೇ ತಡೆಯಲಾರದೆ ಕೇಳಿದೆ. ಆ ಒಬ್ಬ ಹುಡುಗನ ಪ್ರಶ್ನೆ, ಅದು ತಪ್ಪೆಂದು ಗೊತ್ತಾಗಿತ್ತಲ್ಲವೇ ಎಂದೆ.

"ಗೊತ್ತಾತ್ರಿ. ನಿಮ್ಮ ಕೈ ನಿಂತಾಗ ಗೊತ್ತಾತು."

"ಮತ್ತ ಯಾಕ ಬದಲಿಸಲಿಲ್ಲ ತಂಗಿ? ನೀ ಹೇಳಿದ್ರ ನಾ ಎ ತುಂಬತಿದ್ನಲ್ಲ."

ಅವಳು ಖಾಲಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. "ನಾ ಬಿ ಅಂದ ಕೂಡಲೇ ನನಗೂ ಏನೋ ತಪ್ಪೈತಿ ಅನಸಾಕ ಹತ್ತಿತ್ರಿ. ಇನ್ನೊಂದು ಸ್ವಲ್ಪ ಹೊತ್ತಾಗಿದ್ರ ನಾನ ಹಿಡೀತಿದ್ನೇನೋ. ಅಷ್ಟ್ರಾಗ ನಿಮ್ಮ ಕೈ ನಿಂತಿತು. ನಿಂತ ಮ್ಯಾಲ ತಪ್ಪು ಹಿಡಿದದ್ದು ನಾನೋ ನೀವೋ ಹೇಳಾಕ ಬರದಂಗಾತು. ಅದಕ್ಕ ಬಿಟ್ಟೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು. ನಾನು ಏನೋ ಸಮಜಾಯಿಷಿ ಹೇಳಲು ಹೋದೆ, ಬೇಕಂತ ಮಾಡಿದ್ದಲ್ಲ ಎಂದೆ. ಅದು ತನಗೆ ಗೊತ್ತು ಎಂದಳು. ಚಿಕ್ಕಂದಿನಿಂದ ಸುತ್ತಲಿನವರ ಉಸಿರು, ಕೆಮ್ಮು, ಮಾತು ನಿಲ್ಲಿಸುವ ರೀತಿ ಇವನ್ನು ಕೇಳಿಯೇ ತಾನು ದಾರಿ ಹಿಡಿದದ್ದು, ಈ ಮೂರು ತಾಸಾದರೂ ಹಾಗೆ ಇರಬಾರದು ಎಂದು ತನಗಿತ್ತು ಎಂದಳು. ಅವಳನ್ನು ಆಟೋ ಹತ್ತಿಸಿ ನಾನು ಬೆಟಗೇರಿಗೆ ನಡೆದುಕೊಂಡೇ ಬಂದೆ.

ಆಮೇಲಿನ ದಿನಗಳಲ್ಲಿ ಕೆಲಸದ ನಡುವೆ ಇದನ್ನೇ ಯೋಚಿಸುತ್ತಿದ್ದೆ. ನಾನು ಅವಳ ಪರವಾಗಿಯೇ ಇದ್ದೆ. ಅವಳಿಗೆ ಒಳ್ಳೆಯದಾಗಲಿ ಎಂಬುದೇ ಆ ಕೈ ನಿಲ್ಲಲು ಕಾರಣ. ಆದರೆ ಅವಳು ತಾನೇ ತಪ್ಪು ಹಿಡಿದು ತಾನೇ ತಿದ್ದಿಕೊಳ್ಳಬಹುದಾಗಿದ್ದ ಒಂದು ಗಳಿಗೆಯನ್ನು ನಾನು ಮೊದಲೇ ಮುಟ್ಟಿಬಿಟ್ಟಿದ್ದೆ. ನನ್ನ ಮಗಳು ಲೆಕ್ಕ ಮಾಡುವಾಗ ನಾನು ಅಡಿಗೆಮನೆಯಿಂದಲೇ 'ಹೂಂ?' ಎನ್ನುತ್ತೇನೆ. ಅವಳು ತಕ್ಷಣ ಅಳಿಸಿ ಬೇರೆ ಬರೆಯುತ್ತಾಳೆ. ಅದನ್ನು ನಾನು ಕಲಿಸುವುದು ಎಂದುಕೊಂಡಿದ್ದೆ. ಆ ವಾರ ಬಾಯಿ ಕಟ್ಟಿಕೊಂಡು ಕೂತೆ. ಮಗಳು ತಪ್ಪು ಮಾಡಿದಳು, ಬಹಳ ಹೊತ್ತು ನೋಡಿದಳು, ಒಂದನ್ನು ತಾನೇ ಹಿಡಿದಳು, ಇನ್ನೊಂದನ್ನು ಹಾಗೇ ಬಿಟ್ಟು ಎದ್ದಳು. ಸುಮ್ಮನಿರುವುದಕ್ಕೆ ಎಷ್ಟು ಬಲ ಬೇಕೆಂದು ಆಗ ತಿಳಿಯಿತು.

ಆಯ್ಕೆ ಪಟ್ಟಿ ಬಂದಾಗ ಅವಳ ಹೆಸರಿರಲಿಲ್ಲ. ಆ ಒಂದು ಉತ್ತರದಿಂದ ಹೋಯಿತೇ, ಇಲ್ಲ ಇನ್ನೂ ಎಷ್ಟು ತಪ್ಪಿದ್ದವು ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಇನ್ನು ಅವಳು ಬೇರೆಯವರನ್ನು ನೋಡಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಕೆಲವು ತಿಂಗಳ ನಂತರ ಫೋನು ಬಂತು. ಮತ್ತೊಂದು ಇಲಾಖೆಯ ಪರೀಕ್ಷೆ ಕರೆದಿದ್ದಾರೆ, ಬರುತ್ತೀರಾ ಎಂದಳು. ನನ್ನನ್ನೇ ಯಾಕೆ ಎಂದು ಕೇಳಿದೆ.

"ನಿಮ್ಮ ಕೈ ಎಲ್ಲಿ ನಿಲ್ಲತೈತಿ ಅನ್ನೋದು ಈಗ ಇಬ್ಬರಿಗೂ ಗೊತ್ತೈತ್ರಿ. ಹೊಸಬರದು ಗೊತ್ತಿಲ್ಲ."

ಈ ಸಲದ ಮಧ್ಯಾಹ್ನಗಳು ಬೇರೆ ಥರ ಇದ್ದವು. ಈಗ ಪರೀಕ್ಷೆ ನನಗೆ. ನಾನು ಪ್ರಶ್ನೆ ಓದುತ್ತಿದ್ದೆ. ಅವಳು ನಡುನಡುವೆ ಬೇಕೆಂದೇ ತಪ್ಪು ಉತ್ತರ ಹೇಳುತ್ತಿದ್ದಳು, ನನ್ನ ಪೆನ್ನು ತಡೆಯುತ್ತದೆಯೇ ಎಂದು ಕಿವಿಗೊಡುತ್ತಿದ್ದಳು. ಮೊದಮೊದಲು ಪ್ರತಿ ಸಲವೂ ಸಿಕ್ಕಿಬೀಳುತ್ತಿದ್ದೆ. ಕೈ ನಿಲ್ಲದಿದ್ದರೆ ಉಸಿರು ಬದಲಾಗುತ್ತಿತ್ತು. ಉಸಿರು ಸರಿಯಿದ್ದರೆ ಮುಂದಿನ ಪ್ರಶ್ನೆಯನ್ನು ತುಸು ಮೆಲ್ಲಗೆ ಶುರು ಮಾಡುತ್ತಿದ್ದೆ. ಆಯ್ಕೆಗಳನ್ನು ಓದುವಾಗ ಸರಿಯಾದದ್ದನ್ನು ನನಗೇ ತಿಳಿಯದಂತೆ ಒತ್ತಿ ಹೇಳುತ್ತೇನೆ ಎಂಬುದನ್ನೂ ಅವಳೇ ತೋರಿಸಿಕೊಟ್ಟಳು. ನನಗೆ ಉತ್ತರ ಗೊತ್ತಿಲ್ಲದ ಪ್ರಶ್ನೆಗಳನ್ನು ನಾನು ಚೆನ್ನಾಗಿ ಓದುತ್ತಿದ್ದೆ. ಗೊತ್ತಿದ್ದವೇ ತೊಂದರೆ. ಕಲಿತದ್ದನ್ನು ಮುಖದಲ್ಲಿ, ದನಿಯಲ್ಲಿ, ಬೆರಳಲ್ಲಿ ಕಾಣಿಸದ ಹಾಗೆ ಇಟ್ಟುಕೊಳ್ಳುವುದನ್ನು ನನಗೆ ಯಾವ ಶಾಲೆಯಲ್ಲೂ ಹೇಳಿಕೊಟ್ಟಿರಲಿಲ್ಲ.

ನಾನು ಮನೆಯಲ್ಲೂ ಏರಿಳಿತವಿಲ್ಲದೆ ಓದುವ ರೂಢಿ ಮಾಡಿದೆ. ದಿನಪತ್ರಿಕೆ, ಔಷಧದ ಚೀಟಿ, ಮಗಳ ಪಾಠ ಎಲ್ಲ ಒಂದೇ ದನಿ. ಒಂದು ದಿನ ಊಟಕ್ಕೆ ಏಳಿ ಎಂದು ಕರೆದಾಗ ನನ್ನ ಗಂಡ ತಲೆಯೆತ್ತಿ ನೋಡಿ, ಬಸ್‌ಸ್ಟ್ಯಾಂಡಿನಲ್ಲಿ ಹುಬ್ಬಳ್ಳಿ ಗಾಡಿ ಬಂತೆಂದು ಹೇಳಿದ ಹಾಗೆ ಹೇಳುತ್ತೀಯಲ್ಲ ಎಂದರು. ಹುಡುಗಿಗೆ ಇದನ್ನು ಹೇಳಿದೆ. ಬಹಳ ನಕ್ಕಳು. ಹಾಗಾದರೆ ತಯಾರಾದಿರಿ ಎಂದಳು.

ಎರಡನೆಯ ಪರೀಕ್ಷೆಯ ಬಗ್ಗೆ ಹೇಳಲು ಹೆಚ್ಚೇನೂ ಇಲ್ಲ, ಅದೇ ಅದರ ಚೆಂದ. ಬೇರೆ ಕಾಲೇಜು, ಬೇರೆ ಮೇಲ್ವಿಚಾರಕರು. ಅಕ್ಷರ ಬಿಡಿಸುವ ವಿಷಯವನ್ನು ಅವಳು ಗಂಟೆ ಹೊಡೆಯುವ ಮೊದಲೇ ಮಾತಾಡಿ ಒಪ್ಪಿಸಿಕೊಂಡಿದ್ದಳು. ನಾನು ಓದಿದೆ, ಅವಳು ಹೇಳಿದಳು, ನಾನು ತುಂಬಿದೆ. ಕೆಲವು ಉತ್ತರ ತಪ್ಪೆಂದು ನನಗೆ ಅನಿಸಿತು. ಪೆನ್ನು ನಿಲ್ಲಲಿಲ್ಲ. ಒಂದು ಪ್ರಶ್ನೆಯಲ್ಲಂತೂ ಅವಳು ತಪ್ಪು ಹೇಳಿದಳು ಎಂದು ಮನೆಗೆ ಬರುವವರೆಗೂ ಅಂದುಕೊಳ್ಳುತ್ತಲೇ ಇದ್ದೆ. ಆಮೇಲೆ ಅಧ್ಯಾಪಕಿಯವರನ್ನು ಕೇಳಿದರೆ, ತಪ್ಪಿದವಳು ನಾನು, ಅವಳು ಹೇಳಿದ್ದೇ ಸರಿ. ನನ್ನ ಕೈ ಅಲ್ಲಿ ನಿಂತಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದೆ.

ಈ ಸಲ ಪಟ್ಟಿಯಲ್ಲಿ ಅವಳ ಹೆಸರಿತ್ತು. ಮುಂಡರಗಿಯ ಒಂದು ಕಚೇರಿಗೆ ಹಾಕಿದರು. ಕೆಲಸಕ್ಕೆ ಸೇರುವ ದಿನ ಶಿರಹಟ್ಟಿಯಿಂದ ಬರಬೇಕಿದ್ದ ಅವಳ ಅಣ್ಣನಿಗೆ ಜ್ವರ ಬಂದು, ನಾನೇ ಜೊತೆಗೆ ಹೋದೆ. ದಾರಿಯುದ್ದಕ್ಕೂ ಎರಡೂ ಕಡೆ ಕಡಲೆ ಹೊಲ. ಎಷ್ಟು ಎತ್ತರ ಬಂದಿದೆ, ಹೂ ಬಿಟ್ಟಿದೆಯೇ ಎಂದು ಕೇಳುತ್ತಿದ್ದಳು. ಹೇಳುತ್ತಿದ್ದೆ.

ಕಚೇರಿಯಲ್ಲಿ ವಯಸ್ಸಾದ ಗುಮಾಸ್ತರೊಬ್ಬರು ಅವಳ ಕಾಗದಪತ್ರಗಳನ್ನು ನೋಡಿ, ಕುರ್ಚಿ ಕೊಟ್ಟು, ನೀರು ತರಿಸಿದರು. ಆಮೇಲೆ ನನ್ನ ಕಡೆ ತಿರುಗಿ, ಇವರು ನಿಮಗೆ ಏನಾಗಬೇಕು ಎಂದು ಅವಳನ್ನು ಕೇಳಿದರು. ಅವಳು ಸಹಜವಾಗಿ ಹೇಳಿದಳು.

"ನನ್ನ ಪರೀಕ್ಷಿ ಬರದವರ್ರಿ."

ಗುಮಾಸ್ತರು ಕನ್ನಡಕ ತೆಗೆದು ನನ್ನನ್ನು ನೋಡಿದರು, ಅವಳನ್ನು ನೋಡಿದರು, ಬಾಗಿಲ ಕಡೆ ನೋಡಿದರು. "ಅಂದ್ರ?" ಎಂದು ಮೆಲ್ಲಗೆ ಕೇಳಿದರು.

ಅವಳಿಗೆ ತಾನು ಹೇಳಿದ್ದು ಹೇಗೆ ಕೇಳಿಸಿತೆಂದು ಆಗ ಹೊಳೆಯಿತು. ಕೆನ್ನೆ ಕೆಂಪಾಯಿತು. ಪರೀಕ್ಷೆ ಬರೆದವಳು ತಾನೇ, ಉತ್ತರವೆಲ್ಲ ತನ್ನವೇ, ಇವರು ಓದಿ ಹೇಳಿ ವರ್ತುಲ ತುಂಬಿದವರು ಎಂದು ಬಿಡಿಸಿ ಹೇಳಿದಳು. ಗುಮಾಸ್ತರು ಕನ್ನಡಕ ಹಾಕಿಕೊಂಡು, ಹಾಗೆ ಹೇಳಿ ಮತ್ತೆ, ನಾನು ಒಮ್ಮೆಲೇ ಹೆದರಿದೆ ಎಂದು ನಕ್ಕರು. ನಾವೂ ನಕ್ಕೆವು. ಇಷ್ಟು ದಿನ ಇಂಗ್ಲಿಷಿನಲ್ಲಿ ಸರಿಯಾದ ಶಬ್ದ ಯಾವುದೆಂದು ತಲೆ ಕೆಡಿಸಿಕೊಂಡವರು ನಾವು, ನಮ್ಮ ಮಾತಿನಲ್ಲೇ ಒಂದು ಶಬ್ದ ತಪ್ಪಿ ನೌಕರಿ ಕಳೆದುಕೊಳ್ಳುವ ಹಾಗಿದ್ದೆವು.

ಅವಳು ರಿಜಿಸ್ಟರಿನಲ್ಲಿ ಸಹಿ ಮಾಡಿದಳು. ಎಲ್ಲಿ ಮಾಡಬೇಕೆಂದು ಗುಮಾಸ್ತರೇ ಅವಳ ಬೆರಳು ಹಿಡಿದು ಜಾಗ ತೋರಿಸಿದರು. ನಾನು ಹೊರಗಿನ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತೆ. ಒಳಗೆ ಅವರು ಅವಳಿಗೆ ಫೋನಿನ ಗುಂಡಿಗಳ ಬಗ್ಗೆ ಏನೋ ಹೇಳಿಕೊಡುತ್ತಿದ್ದರು, ಅವಳು ಮತ್ತೆ ಮತ್ತೆ ಕೇಳುತ್ತಿದ್ದಳು. ಬಾಗಿಲಲ್ಲಿ ನಿಂತು, ಬರ್ತೀನವಾ ಎಂದೆ. ಹೂಂ ಅಕ್ಕಾರ, ಮನಿ ಮುಟ್ಟಿದ ಮ್ಯಾಲ ಫೋನ್ ಮಾಡ್ರಿ, ಎಂದು ಕೂತಲ್ಲಿಂದಲೇ ಹೇಳಿ ಮತ್ತೆ ಆ ಕಡೆ ತಿರುಗಿದಳು. ಬಸ್‌ಸ್ಟ್ಯಾಂಡಿಗೆ ಬಂದಾಗ ಗದಗಿನ ಗಾಡಿ ಹೊರಡುವುದರಲ್ಲಿತ್ತು. ಹತ್ತಿ ಕಿಟಕಿಯ ಪಕ್ಕ ಕೂತೆ.